ಹತ್ತೊಂಬತ್ತು ಹೆಂಗಸರ ಒಂದು ಚುಕ್ಕಿ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಷೆಡ್ಡುಗಳಿಗೆ ಹೊಗೆಕೊಳವೆ ಬೇಡವೆಂದು ತೀರ್ಮಾನಿಸಿದ ಮಹನೀಯರು ಆ ಷೆಡ್ಡುಗಳೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಚಿಕ್ಕಬಳ್ಳಾಪುರದ ಸಭಾಕೊಠಡಿಯೊಂದರಲ್ಲಿ, ಮುಂದಿಟ್ಟ ಕಾಫಿ ಆರುವ ಮೊದಲೇ, ಒಂದೇ ಒಂದು ಹಾಳೆಯನ್ನು ನೋಡಿ ಅವರು ಆ ತೀರ್ಮಾನಕ್ಕೆ ಬಂದರು. ಹಾಳೆಯ ಮೇಲೆ ಚುಕ್ಕಿಗಳಿದ್ದವು. ಒಂದು ಚುಕ್ಕಿಗೆ ಒಬ್ಬ ಮನುಷ್ಯ ಎಂದು ಅವರು ಭಾವಿಸಿದರು. ಹೌದೇ ಎಂದು ಪರಿಶೀಲಿಸುವ ಗೋಜಿಗೆ ಹೋಗಲಿಲ್ಲ. ವರದಿಯ ಹಿಂದಿನ ಪುಟದಲ್ಲಿ ಎಲ್ಲರ ಲೆಕ್ಕವಿದ್ದ ಕೋಷ್ಟಕವಿತ್ತು. ಯಾರೂ ಪುಟ ತಿರುಗಿಸಲಿಲ್ಲ. ಗೊತ್ತಿಲ್ಲದೆ ಆದ ತಪ್ಪು ಇದಲ್ಲ. ತಿಳಿದುಕೊಳ್ಳುವ ಎಲ್ಲ ಅವಕಾಶವಿದ್ದೂ ಬೇಡವೆಂದು ಬಿಟ್ಟ ತಪ್ಪು; ಅದಕ್ಕೆ ಹೊಣೆ ಹೊರಬೇಕಾದವರು ಇಂದಿಗೂ ಅದೇ ಕುರ್ಚಿಗಳಲ್ಲಿ ಕುಳಿತಿದ್ದಾರೆ.

ಆದರೆ ಹೊಣೆಗಾರರಲ್ಲಿ ಮೊದಲನೆಯವಳು ನಾನು. ಹಾಳೆಯನ್ನು ತಯಾರಿಸಿದವಳು ನಾನು. ಅದರ ಒಂದೇ ಚುಕ್ಕಿಯಲ್ಲಿ ಹತ್ತೊಂಬತ್ತು ಹೆಂಗಸರು ಒಬ್ಬರ ಮೇಲೊಬ್ಬರು ಕುಳಿತಿದ್ದಾರೆಂಬುದು ಆ ಕೊಠಡಿಯಲ್ಲಿ ಇಬ್ಬರಿಗೆ ಗೊತ್ತಿತ್ತು, ಅವರಲ್ಲಿ ನಾನೊಬ್ಬಳು.

ಹೋದ ತಿಂಗಳು ಗೌರಿಬಿದನೂರಿನಿಂದ ಚಿಂತಾಮಣಿಗೆ ಹೊರಟಿದ್ದೆ. ಬಸ್ಸು ಶಿಡ್ಲಘಟ್ಟದಲ್ಲಿ ನಿಂತಾಗ ಹನಿ ಶುರುವಾಯಿತು. ಕಿಟಕಿಯ ಗಾಜು ಎಳೆದುಕೊಳ್ಳುವ ಮೊದಲೇ ಬೆಂದ ಗೂಡಿನ ವಾಸನೆ ಒಳಗೆ ಬಂತು. ಬಿಸಿನೀರಿನಲ್ಲಿ ಬೆಂದ ಹುಳು, ಒದ್ದೆ ಸೌದೆಯ ಹೊಗೆ, ಎರಡೂ ಬೆರೆತು ಗಂಟಲಿನ ಹಿಂಭಾಗಕ್ಕೆ ಅಂಟಿಕೊಳ್ಳುವ ವಾಸನೆ ಅದು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಚೀಲ ತೆಗೆದುಕೊಂಡು ಇಳಿದುಬಿಟ್ಟೆ. ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಸಂದೇಹವಿರಲಿಲ್ಲ. ಮೂರು ವರ್ಷಗಳಿಂದ ನಾನು ಬೇಕೆಂದೇ ಹೋಗದೆ ಉಳಿದಿದ್ದ ಬೀದಿ ಅದು. ಅಲ್ಲಿ ನಡೆದದ್ದನ್ನು ಹೇಳುವ ಮೊದಲು ೨೦೦೬ರ ಮಳೆಗಾಲವನ್ನು ಹೇಳಬೇಕಾಗಿದೆ.

ಆ ವರ್ಷ ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ತೊಂಡೇಬಾವಿಯ ಮನೆಗೆ ಮರಳಿದ್ದೆ. ನಮ್ಮ ಮನೆಯಲ್ಲಿ ವಿಶ್ವವಿದ್ಯಾಲಯದ ಮುಖ ನೋಡಿದ ಮೊದಲ ಹೆಣ್ಣು ನಾನೇ ಆದ್ದರಿಂದ ನನ್ನ ನಡಿಗೆಯಲ್ಲಿ ಸ್ವಲ್ಪ ಬಿಗುವೂ ಇತ್ತು. ಅದೇ ಹೊತ್ತಿಗೆ ಒಂದು ಯೋಜನೆಯವರು ನೂಲು ಬಿಚ್ಚುವವರ ಉಸಿರಾಟದ ಸಮೀಕ್ಷೆಗೆ ಜನರನ್ನು ಹುಡುಕುತ್ತಿದ್ದರು. ಷೆಡ್ಡುಗಳಲ್ಲಿ ದುಡಿಯುವವರ ಉಸಿರು ಹೊಗೆಯಿಂದ ಕುಗ್ಗಿದೆಯೆಂದು ಸಮೀಕ್ಷೆ ತೋರಿಸಿದರೆ, ಊರಿನ ಒಂದು ಮೊಹಲ್ಲಾದ ಅಷ್ಟೂ ಷೆಡ್ಡುಗಳಿಗೆ ಹೊಗೆಕೊಳವೆಯನ್ನೂ ಗಾಳಿ ಹೊರದೂಡುವ ಫ್ಯಾನನ್ನೂ ಹಾಕಿಸಿಕೊಡುವುದಾಗಿ ಯೋಜನಾ ಸಮಿತಿ ಹೇಳಿತ್ತು. ತೋರಿಸದಿದ್ದರೆ ಇಲ್ಲ. ನನ್ನ ಕೆಲಸ ಅಳತೆಗಳನ್ನು ಬರೆದುಕೊಳ್ಳುವುದು, ಆಮೇಲೆ ಅವುಗಳನ್ನು ಸಮಿತಿಗೆ ಅರ್ಥವಾಗುವ ಚಿತ್ರವಾಗಿಸುವುದು.

ನನ್ನ ಜೊತೆಗೆ ಹಾಕಿದ್ದು ನಾಗವೇಣಮ್ಮನವರನ್ನು. ಚಿಂತಾಮಣಿ ಕಡೆಯವರು, ನರ್ಸಾಗಿ ನಿವೃತ್ತರಾದವರು. ಅವರ ಮಾತು ಕನ್ನಡದಲ್ಲಿ ಹೊರಟು ಎಷ್ಟೋ ಸಲ ತೆಲುಗಿನಲ್ಲಿ ತಲುಪುತ್ತಿತ್ತು. ಮೊದಲ ದಿನವೇ ಅವರು ನನಗೆ "ಎಮ್ಮೆಸ್ಸಿ" ಎಂದು ಹೆಸರಿಟ್ಟರು. ಷೆಡ್ಡುಗಳ ಹೆಂಗಸರು ಇಟ್ಟ ಹೆಸರು "ಊದೋ ಟೀಚರ್". ನಮ್ಮ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಜೋರಾಗಿ ಒಮ್ಮೆ ಊದಿದರೆ ಮೇಲಿನ ಮುಳ್ಳು ಸರಿಯುತ್ತದೆ. ಎಷ್ಟರ ಗೀಟಿಗೆ ನಿಂತಿತೋ ಅದು ಆ ಉಸಿರಿನ ಅಳತೆ. ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದುಕೊಳ್ಳಬೇಕು.

ಮಳೆಗಾಲವೆಂದರೆ ಆ ಷೆಡ್ಡುಗಳಿಗೆ ಹೊಗೆಗಾಲ. ಸೌದೆ ಒದ್ದೆಯಾಗಿ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತಿತ್ತು. ಬಾಗಿಲು ತೆರೆದಿಟ್ಟರೆ ಗಾಳಿಗೆ ಎಳೆ ಹಾರಿ ತುಂಡಾಗುತ್ತದೆಂದು ಮುಚ್ಚಿಡುತ್ತಿದ್ದರು. ತಗಡಿನ ಸೂರಿನ ಮೇಲೆ ಮಳೆ ಬಡಿಯುತ್ತಿದ್ದರೆ ಒಳಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮೂರನೆಯವರ ಮುಖ ಕಾಣುತ್ತಿರಲಿಲ್ಲ. ಬಿಸಿನೀರಿನ ಬೇಸಿನ್ನುಗಳ ಮುಂದೆ ಹೆಂಗಸರು ಸಾಲಾಗಿ ಕುಳಿತು, ಎಂಟೋ ಹತ್ತೋ ಗೂಡುಗಳ ಎಳೆಗಳನ್ನು ಕೂಡಿಸಿ ಒಂದೇ ನೂಲಾಗಿ ರಾಟೆಗೆ ಏರಿಸುತ್ತಿದ್ದರು. ಯಾವುದೋ ಒಂದು ಎಳೆ ಮುಗಿದುಹೋದರೆ, ತಿರುಗುವ ರಾಟೆಯನ್ನು ನಿಲ್ಲಿಸದೆಯೇ, ಇನ್ನೊಂದು ಗೂಡಿನ ಎಳೆಯನ್ನು ಬೆರಳಿನಿಂದ ಚಿಮ್ಮಿ ಸೇರಿಸುತ್ತಿದ್ದರು. ಅವರ ಬೆರಳ ತುದಿಗಳು ಬೆಂದು ಬಿಳಿಚಿ, ಬಹಳ ಹೊತ್ತು ನೀರಾಡಿದ ಮಕ್ಕಳ ಬೆರಳಿನಂತೆ ಸುಕ್ಕುಗಟ್ಟಿರುತ್ತಿದ್ದವು.

ಆ ಸಾಲಿನ ಮೊದಲ ಬೇಸಿನ್ನು ಮೆಹಬೂಬ್ ಬೀ ಅವರದು. ಎತ್ತರದ ಆಳು, ಬಾಯಿ ತುಂಬ ಎಲೆಯಡಿಕೆ, ಷೆಡ್ಡಿನ ಮಾಲೀಕನಿಗೂ ಹೆದರದ ನಾಲಿಗೆ. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

"ವಯಸ್ಸೆಷ್ಟು ಆಪಾ?"

"ನೀನೇ ನೋಡಿ ಬರ್ಕೋ ಬೇಟಿ. ಹುಡುಗಿ ಥರಾ ಕಾಣಲ್ವಾ?"

"ಕಾಣ್ತೀರ. ಆದ್ರೂ ಹೇಳಿ."

"ದೊಡ್ಡ ಮಗಳು ಹುಟ್ಟಿದಾಗ ಹದಿನೇಳೋ ಹದಿನೆಂಟೋ. ಅವಳಿಗೀಗ ಮಗು ಐತೆ. ಮೂವತ್ತೈದು ಹಾಕು."

ಪಕ್ಕದ ಬೇಸಿನ್ನಿನ ಜರೀನಾ ನೀರಿನಿಂದ ಕಣ್ಣೆತ್ತದೆ ಹೇಳಿದಳು: "ನಂಗೂ ಅಷ್ಟೇ ಹಾಕಮ್ಮಾ. ಆಪಾ ಈ ಬೀದಿಗೆ ಮದ್ವೆಯಾಗಿ ಬಂದ ವರ್ಷಾನೇ ನಾನೂ ಬಂದಿದ್ದು."

"ಅರೆ! ಬಂದಾಗ ನಿಂಗೆ ಹಾಲುಹಲ್ಲು ಬಿದ್ದಿತ್ತೇನೇ? ಈಗ ನನ್ನ ಸಮಕ್ಕೆ ನಿಂತ್ಕೊಂತೀಯಾ!"

ಸಾಲು ಪೂರ್ತಿ ನಕ್ಕಿತು. ನಗು ಕೆಮ್ಮಾಗಿ ಕೊನೆಯ ಬೇಸಿನ್ನಿನವರೆಗೆ ಹೋಯಿತು. ಕೆಮ್ಮು ನಿಂತ ಮೇಲೆ ಆಪಾ ತೀರ್ಪು ಕೊಟ್ಟರು. "ಒಬ್ಬೊಬ್ರನ್ನೂ ಕೇಳ್ತಾ ಕೂತ್ರೆ ನೂಲು ಹರೀತದೆ. ನಮ್ಮ ಸಾಲಿಗೆಲ್ಲಾ ಮೂವತ್ತೈದೇ ಬರಿ. ಒಂದು ಬೀದಿಗೆ ಒಟ್ಟಿಗೆ ಬಂದೋರು, ವಯಸ್ಸು ಮಾತ್ರ ಯಾಕೆ ಬೇರೆ ಬೇರೆ ಇರ್ಬೇಕು?"

ಆ ಮೊಹಲ್ಲಾದಲ್ಲಿ ಹೆಂಗಸರ ವಯಸ್ಸು ಹುಟ್ಟಿದ ದಿನದಿಂದ ಎಣಿಕೆಯಾಗುತ್ತಿರಲಿಲ್ಲ. ಸೊಸೆಯಾಗಿ ಬೀದಿಗೆ ಬಂದ ವರ್ಷದಿಂದ ಎಣಿಕೆಯಾಗುತ್ತಿತ್ತು. ಆಸುಪಾಸಿನಲ್ಲಿ ಬಂದವರೆಲ್ಲ ಒಂದೇ ಪ್ರಾಯದವರು. ಅವರಲ್ಲಿ ಹಿರಿಯಳು ಹೇಳಿದ್ದೇ ಎಲ್ಲರ ವಯಸ್ಸು. ಅದು ಅವರ ರೀತಿ, ಅವರ ನಡುವಿನ ಗೆಳೆತನದ ಮರ್ಯಾದೆ. ಅವರ ತಪ್ಪಲ್ಲ. ಒಬ್ಬೊಬ್ಬರ ಮುಂದೆಯೂ ಕುಳಿತು, ಮೊದಲ ಮಗು ಹುಟ್ಟಿದ್ದು ಯಾವಾಗ, ಮದುವೆ ಯಾವ ಬರದ ವರ್ಷ, ಯಾವ ಮಳೆಯ ವರ್ಷ ಎಂದು ಕೆದಕಿ ಕೆದಕಿ ವಯಸ್ಸು ಕಂಡುಹಿಡಿಯಬೇಕೆಂದು ನನಗೆ ತರಬೇತಿ ಕೊಟ್ಟಿದ್ದರು. ಅಂದು ಮಳೆ ಜೋರಾಗಿತ್ತು, ಕಣ್ಣು ಉರಿಯುತ್ತಿತ್ತು, ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಆ ಸಾಲಿನ ಎಂಟು ಹೆಂಗಸರ ನಮೂನೆಗಳಲ್ಲಿಯೂ ಮೂವತ್ತೈದು ಎಂದು ಬರೆದೆ. ಪಕ್ಕದ ಎರಡು ಷೆಡ್ಡುಗಳಲ್ಲಿ, ಕೇಳುವ ಮೊದಲೇ, ನಾನಾಗಿಯೇ ಬರೆದೆ.

ಉಸಿರಿನ ಅಳತೆಯದೂ ಅದೇ ಕಥೆ. "ಊದಮ್ಮಾ, ಊದು, ಇಂಕಾ ಊದು, ಇಂಕಾ!" ಎಂದು ನಾಗವೇಣಮ್ಮ ಮದುವೆಮನೆಯಲ್ಲಿ ಬಡಿಸುವವರಂತೆ ಉಪಚಾರ ಮಾಡುತ್ತಿದ್ದರು. ಊದಿದ ಮೇಲೆ ಕೊಳವೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣೀರೊರೆಸಿಕೊಂಡು ಇಣುಕುತ್ತಿದ್ದರು. "ಈ ಹೊಗೇಲಿ ಏಮಿ ಕಾಣ್ತದಮ್ಮಾ! ಸಣ್ಣ ಗೀಟೆಲ್ಲ ಮಾಯ. ಐವತ್ತಕ್ಕೊಂದು ದಪ್ಪ ಗೀಟೈತಲ್ಲ, ಅದೇ ಗತಿ. ಇನ್ನೂರು ಬರ್ಕೋ ಎಮ್ಮೆಸ್ಸಿ." ಹೀಗೆ ನೂರೆಂಬತ್ತೂ ಇನ್ನೂರಾಯಿತು, ಇನ್ನೂರಿಪ್ಪತ್ತೂ ಇನ್ನೂರಾಯಿತು. ಹೊಗೆಯ ಕೆಡುಕನ್ನು ಅಳೆಯಲು ಹೋದ ನಮ್ಮ ಅಳತೆಯನ್ನೇ ಹೊಗೆ ಮಸುಕುಗೊಳಿಸಿತು.

ಹೋಲಿಕೆಗೆಂದು ಚಿಕ್ಕಬಳ್ಳಾಪುರದ ಕಚೇರಿಗಳ ನೌಕರರನ್ನೂ ಶಾಲೆಗಳ ಮೇಷ್ಟರುಗಳನ್ನೂ ಊದಿಸಿದೆವು. ಅಲ್ಲಿ ಟ್ಯೂಬ್‌ಲೈಟು, ಮೇಜು, ಕುರ್ಚಿ. ಒಬ್ಬ ಗುಮಾಸ್ತರು, "ಮೂವತ್ತೇಳು ವರ್ಷ ನಾಕು ತಿಂಗ್ಳು. ಅನುಮಾನ ಇದ್ರೆ ಸರ್ವೀಸ್ ರಿಜಿಸ್ಟರ್ ತರಿಸ್ತೀನಿ" ಎಂದರು. ಊದಿದ ಮೇಲೆ ನಾಗವೇಣಮ್ಮನವರ ಕೈಯಿಂದ ಕೊಳವೆ ಕಿತ್ತುಕೊಂಡು, "ನಾನೂರ ಮೂವತ್ತಲ್ಲ ಕಣಮ್ಮಾ, ನಲವತ್ತಕ್ಕೆ ಮುಟ್ಟೈತೆ, ಸರ್ಯಾಗ್ ನೋಡಿ" ಎಂದು ಜಗಳಕ್ಕೆ ನಿಂತರು. ನಾನೂರ ನಲವತ್ತೆಂದೇ ಬರೆದುಕೊಂಡೆವು. ಹುಟ್ಟಿದ ದಿನಾಂಕದ ದಾಖಲೆಯಿದ್ದವರಿಗೆ, ಬೆಳಕಿದ್ದ ಕೋಣೆಯಲ್ಲಿ ಕುಳಿತವರಿಗೆ, ತಮ್ಮ ಅಂಕಿಗಾಗಿ ವಾದಿಸಬಲ್ಲವರಿಗೆ ನನ್ನ ಚಿತ್ರದಲ್ಲಿ ತಮ್ಮದೇ ಆದ ಜಾಗ ಸಿಗಲಿದೆಯೆಂಬುದು ಅಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಶ್ರಾವಣದಲ್ಲಿ, ಚಿಕ್ಕಬಳ್ಳಾಪುರದ ನಮ್ಮ ಕಚೇರಿಯ ಕಂಪ್ಯೂಟರಿನ ಮುಂದೆ. ಅಡ್ಡಗೆರೆಯಲ್ಲಿ ವಯಸ್ಸು, ನಿಂತ ಗೆರೆಯಲ್ಲಿ ಉಸಿರಿನ ಅಳತೆ. ಕಚೇರಿಯವರಿಗೆ ಖಾಲಿ ವೃತ್ತ, ಷೆಡ್ಡಿನವರಿಗೆ ಕಪ್ಪು ಚುಕ್ಕಿ. ವೃತ್ತಗಳು ಮೊರದಲ್ಲಿ ಹರಡಿದ ರಾಗಿಯಂತೆ ಹಾಳೆಯ ಮೇಲ್ಭಾಗವನ್ನೆಲ್ಲ ತುಂಬಿಕೊಂಡವು. ಕೆಳಗೆ, ಕುಗ್ಗಿದ ಉಸಿರಿನ ಭಾಗದಲ್ಲಿ, ಕಪ್ಪು ಚುಕ್ಕಿಗಳು ಹನ್ನೊಂದೇ. ಷೆಡ್ಡುಗಳ ನಮೂನೆಗಳು ಎಪ್ಪತ್ತಕ್ಕೂ ಹೆಚ್ಚಿದ್ದವು. ಕಂಪ್ಯೂಟರು ಸಾಲುಗಳನ್ನು ನುಂಗಿತೆಂದು ಭಾವಿಸಿ ಎರಡು ಸಲ ಎಣಿಸಿದೆ. ಅದು ಏನನ್ನೂ ನುಂಗಿರಲಿಲ್ಲ. ಒಂದೇ ವಯಸ್ಸು, ಒಂದೇ ಅಳತೆಯವರನ್ನು ಒಂದೇ ಜಾಗದಲ್ಲಿ ಒಬ್ಬರ ಮೇಲೊಬ್ಬರನ್ನಿಟ್ಟಿತ್ತು. ಮೇಲಿನ ಚುಕ್ಕಿ ಕೆಳಗಿನದನ್ನು ಪೂರ್ತಿ ಮುಚ್ಚಿತ್ತು. ಮೂವತ್ತೈದು ಮತ್ತು ಇನ್ನೂರು ಕೂಡುವ ಒಂದು ಬಿಂದುವಿನಲ್ಲಿಯೇ ಹತ್ತೊಂಬತ್ತು ಮಂದಿ.

ಇದಕ್ಕೆ ಮದ್ದು ಇಲ್ಲದಿಲ್ಲ. ನಮ್ಮ ಶಾಸ್ತ್ರದಲ್ಲಿ ಇದು ಹಳೆಯ ಕಾಯಿಲೆ. ಚುಕ್ಕಿಗಳನ್ನು ತೆಳುಬಣ್ಣದಲ್ಲಿ ಹಾಕಿದರೆ ಹೆಚ್ಚು ಜನರಿರುವ ಕಡೆ ಬಣ್ಣ ಗಾಢವಾಗುತ್ತದೆ. ಜನ ಹೆಚ್ಚಿದಷ್ಟೂ ಚುಕ್ಕಿಯನ್ನು ದೊಡ್ಡದಾಗಿಸಬಹುದು. ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಸರಿಸಿದ್ದೇವೆಂದು ಕೆಳಗೆ ಬರೆದರೆ ಒಬ್ಬೊಬ್ಬರೂ ಬೇರೆಯಾಗಿ ಕಾಣುತ್ತಾರೆ. ಒಬ್ಬರಿಗೊಂದು ಎಸಳಿನಂತೆ ಚುಕ್ಕಿಯನ್ನು ಹೂವಾಗಿಸಬಹುದು. ನಾನು ಹೂವನ್ನು ಆರಿಸಿಕೊಂಡೆ. ಹತ್ತೊಂಬತ್ತು ಎಸಳಿನ ಒಂದು ಹೂವು ಹಾಳೆಯ ಕೆಳಭಾಗದಲ್ಲಿ ಅರಳಿ ನಿಂತಾಗ ನನಗೆ ಹೆಮ್ಮೆಯೇ ಆಯಿತು. ಅದನ್ನು ಯೋಜನೆಯ ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

"ಇದೇನಮ್ಮಾ, ರಂಗೋಲಿ?"

"ಒಂದೇ ಜಾಗದಲ್ಲಿ ತುಂಬಾ ಜನ ಬಂದಿದಾರೆ ಸರ್. ಎಸಳಿಗೊಬ್ಬರು."

"ಒಂದೇ ಜಾಗಕ್ಕೆ ಯಾಕೆ ಬಂದ್ರು? ಹತ್ತೊಂಬತ್ತು ಜನಕ್ಕೂ ಮೂವತ್ತೈದೇನಾ? ಎಲ್ರನ್ನೂ ಕೇಳಿದ್ರಾ, ಇಲ್ಲ ಬಾಗ್ಲಲ್ಲಿ ನಿಂತ್ಕೊಂಡು ಬರ್ಕೊಂಡ್ರಾ?"

ಉತ್ತರಕ್ಕೆ ಬದಲಾಗಿ, "ಬೇಕಾದ್ರೆ ಚುಕ್ಕಿಗಳನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ ತೋರಿಸ್ಬೋದು ಸರ್" ಎಂದೆ.

"ಸರಿಸೋದು ಅಂದ್ರೆ ಇಲ್ಲದ ನಂಬರ್ ತೋರ್ಸೋದು. ನಾಳೆ ಡೇಟಾ ತಿದ್ದಿದಾರೆ ಅಂದ್ರೆ ಯಾರಮ್ಮಾ ಜವಾಬ್ದಾರಿ? ಮಾಮೂಲಿ ಚುಕ್ಕಿ ಹಾಕಿ. ನೀಟಾಗಿರ್ಲಿ."

ಸರಿಸಿದ್ದನ್ನು ಬರೆದು ತಿಳಿಸಿದರೆ ಅದು ಸುಳ್ಳಾಗುವುದಿಲ್ಲ, ಹತ್ತೊಂಬತ್ತು ಜನರನ್ನು ಒಬ್ಬರಂತೆ ತೋರಿಸುವುದೇ ಸುಳ್ಳು ಎಂಬ ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಮುಖ್ಯಸ್ಥರ ಹೆದರಿಕೆಯಿಂದ ಸುಮ್ಮನಾದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ, ಅದು ನಿಜವಲ್ಲ. ಆ ಹೂವು ಅರಳಿದಲ್ಲೆಲ್ಲ ಅವರು ಕೇಳಿದ ಪ್ರಶ್ನೆಯೇ ಏಳುತ್ತಿತ್ತು, ನನ್ನ ಸೋಮಾರಿತನ ಎಲ್ಲರೆದುರು ಬಯಲಾಗುತ್ತಿತ್ತು. ಮಾಮೂಲಿ ಚುಕ್ಕಿ ಹಾಕಿದರೆ ಹೆಂಗಸರ ಜೊತೆಗೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಸಭೆಗೆ ಇನ್ನೂ ಎರಡು ವಾರವಿತ್ತು. ಬಸ್ಸು ಹತ್ತಿ ಹೋಗಿ, ಹತ್ತೊಂಬತ್ತು ಜನರನ್ನೂ ಕೂರಿಸಿ ಕೇಳಿ, ಬಾಗಿಲಿಂದ ಹೊರಗೆ ಕರೆತಂದು ಬೆಳಕಿನಲ್ಲಿ ಊದಿಸಿ ಬರಬಹುದಿತ್ತು. ಹೋಗಲಿಲ್ಲ. ಹೂವಿನ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಸಭೆಯ ದಿನ ನಂದಿಬೆಟ್ಟ ಮೋಡದೊಳಗಿತ್ತು. ಸದಸ್ಯರು ಐವರು. ವರದಿಯ ಮೇಲೆ ನನ್ನ ಹಾಳೆಯನ್ನು ಅಂಟಿಸಿಕೊಟ್ಟಿದ್ದರು. ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಪೆನ್ನಿನ ತುದಿಯಿಂದ ಕಪ್ಪು ಚುಕ್ಕಿಗಳನ್ನು ಎಣಿಸಿದರು.

"ಮೇಲೆ ನೋಡಿ, ಎಷ್ಟು ಜನ ಗಟ್ಟಿಮುಟ್ಟಾಗಿದಾರೆ. ಕೆಳಗೆ ಬಿದ್ದಿರೋದು ಹನ್ನೊಂದು. ಇಷ್ಟಕ್ಕೆ ಇಡೀ ಮೊಹಲ್ಲಾಗೆ ಕೊಳವೆ ಹಾಕ್ಸೋದಾ? ಈ ಹನ್ನೊಂದು ಜನಾನ ಆಸ್ಪತ್ರೆಗೆ ಕಳ್ಸಿ, ಮುಗೀತು."

ಆಮೇಲೆ, ನ್ಯಾಯವಾಗಿಯೇ ಹೇಳಬೇಕು, ಅವರು ನನ್ನ ಕಡೆ ತಿರುಗಿ ಕೇಳಿದರು: "ಏನಮ್ಮಾ, ನೂಲು ತೆಗೆಯೋರಲ್ಲಿ ತೊಂದ್ರೆ ಇರೋರು ಇಷ್ಟೇ ಜನ ತಾನೆ?"

ಮುಖ್ಯಸ್ಥರು ಕಾಫಿಯ ಲೋಟ ನೋಡುತ್ತಿದ್ದರು. ನಾನು ಹಾಳೆ ನೋಡಿದೆ. "ಹೌದು ಸರ್" ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ಚಿಕ್ಕ ಸುಳ್ಳು ಅದು, ಅತ್ಯಂತ ಭಾರದ್ದೂ ಹೌದು. ಯೋಜನೆ ಬೇರೆ ಊರಿಗೆ ಹೋಯಿತು.

ದಸರೆಯ ಮುಂಚೆ ಷೆಡ್ಡಿನವರಿಗೆ ವಿಷಯ ತಿಳಿಸಿ ಬರಬೇಕೆಂದು ನನ್ನನ್ನೂ ನಾಗವೇಣಮ್ಮನವರನ್ನೂ ಕಳುಹಿಸಿದರು. ಚುಕ್ಕಿಗಳ ಹಾಳೆ ನೋಡಿ ಹೊಗೆಕೊಳವೆ ಬೇಡವೆಂದರೆಂದು ತಿಳಿಸಿದಾಗ ಮೆಹಬೂಬ್ ಬೀ ಕೈ ಒರೆಸಿಕೊಂಡು ಎದ್ದು ಬಂದು ಹಾಳೆ ಕೇಳಿದರು. ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರಲ್ಲಿ ನಾನೆಲ್ಲಿದೀನಿ ಬೇಟಿ?"

ಮೂವತ್ತೈದು-ಇನ್ನೂರರ ಚುಕ್ಕಿಯನ್ನು ತೋರಿಸಿದೆ.

"ಇವಳು? ಜರೀನಾ?"

"ಅಲ್ಲೇ ಆಪಾ."

"ಆ ಕೊನೇ ಬೇಸಿನ್ನೋಳು?"

"ಅವರೂ ಅಲ್ಲೇ."

"ಯಾ ಅಲ್ಲಾ! ಎಲ್ರೂ ನನ್ನ ತಲೆ ಮೇಲೇ ಕೂತಿದೀರೇನ್ರೇ? ಅದಕ್ಕೇ ನಂಗೆ ಉಸಿರು ಕಟ್ಟೋದು!"

ಹೆಂಗಸರು ನಕ್ಕರು. ನಾಗವೇಣಮ್ಮ ನಗಲಿಲ್ಲ, ಅವರು ನನ್ನ ಮುಖ ನೋಡುತ್ತಿದ್ದರು. ನಗು ಇಳಿದ ಮೇಲೆ ಆಪಾ ಮೆಲ್ಲನೆ ಕೇಳಿದರು. "ಹಂಗಾದ್ರೆ ಅವ್ರು ನಮ್ಮನ್ನೆಲ್ಲ ಸೇರ್ಸಿ ಒಬ್ಳು ಅಂತ ಎಣಿಸಿದ್ರಾ?"

"ಎಲ್ರಿಗೂ ಒಂದೇ ವಯಸ್ಸು ಬಂತಲ್ಲ ಆಪಾ. ಅದಕ್ಕೇ ಹಂಗಾಯ್ತು."

ಇದು ನನ್ನ ಉತ್ತರ. ಸಮಿತಿಯ ಮುಂದೆ ಅವರನ್ನು ಮುಚ್ಚಿದೆ. ಅವರ ಮುಂದೆ ತಪ್ಪನ್ನು ಅವರ ಮೇಲೆಯೇ ಹೊರಿಸಿದೆ. ಆಪಾ ರಾಟೆಯ ಕಡೆ ಏರುತ್ತಿದ್ದ ನೂಲನ್ನು ಎರಡು ಬೆರಳಿನ ನಡುವೆ ಹಾಯಿಸಿ ತೋರಿಸಿದರು. "ನೋಡು, ಇದ್ರಲ್ಲಿ ಒಂಬತ್ತು ಗೂಡು ಐತೆ. ಒಂದು ಕಮ್ಮಿ ಆದ್ರೂ ಬೆರಳಿಗೆ ಗೊತ್ತಾಗ್ತದೆ. ನಾನು ಸ್ಕೂಲಿಗೆ ಹೋದೋಳಲ್ಲ. ಅಷ್ಟೊಂದು ಓದಿದೋರು ಒಂದು ಚುಕ್ಕೀಲಿ ಎಷ್ಟು ಜನ ಅವ್ರೆ ಅಂತ ಹೇಳಕ್ಕಾಗ್ಲಿಲ್ವಾ?"

ಹೊರಗೆ ಬಂದ ಮೇಲೆ ನಾಗವೇಣಮ್ಮ ಛತ್ರಿ ಬಿಡಿಸಿದರು, ನನ್ನನ್ನು ಅದರೊಳಗೆ ಕರೆಯಲಿಲ್ಲ. "ನೀಕು ತೆಲುಸು ಕದಾ, ಎಮ್ಮೆಸ್ಸಿ? ನಿಂಗೆ ಗೊತ್ತಿತ್ತು ಅಲ್ವಾ?" ಎಂದಷ್ಟೇ ಕೇಳಿದರು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತರು. ಅದೇ ತಿಂಗಳು ನಾನು ಕೆಲಸ ಬಿಟ್ಟೆ.

ಈಗ ನಾನು ಗೌರಿಬಿದನೂರಿನಲ್ಲಿ ಪಾಠ ಹೇಳುತ್ತೇನೆ. ಒಂದರ ಮೇಲೊಂದು ಬೀಳುವ ಬಿಂದುಗಳ ಪಾಠ ಪ್ರತಿ ವರ್ಷ ಬರುತ್ತದೆ. ಕಪ್ಪುಹಲಗೆಯ ಮೇಲೆ ಒಂದು ಚುಕ್ಕಿ ಹಾಕಿ, "ಇಲ್ಲಿ ಎಷ್ಟು ಜನರಿದ್ದಾರೆ?" ಎಂದು ಕೇಳುತ್ತೇನೆ. ಮಕ್ಕಳು ಒಬ್ಬರೆನ್ನುತ್ತಾರೆ. ಆಗ ಶಿಡ್ಲಘಟ್ಟದ ಕಥೆ ಹೇಳುತ್ತೇನೆ. "ಯಾರೋ ಒಬ್ಬರು ಹೀಗೆ ಮಾಡಿದ್ದರು" ಎಂದು ಹೇಳುತ್ತೇನೆ. ಹೋದ ವರ್ಷ ಹುಡುಗಿಯೊಬ್ಬಳು ಎದ್ದು, "ಅವರಿಗೇನಾಯ್ತು ಮಿಸ್, ಶಿಕ್ಷೆ ಆಯ್ತಾ?" ಎಂದಳು. ಪುಸ್ತಕ ತೆರೆಯಿರಿ ಎಂದೆ.

ಹೋದ ತಿಂಗಳು ಬಸ್ಸಿಳಿದು ಆ ಬೀದಿಗೆ ಹೋದಾಗ ಷೆಡ್ಡಿನ ಸೂರು ಹಾಗೆಯೇ ಇತ್ತು. ತಗಡಿನ ಸಂದುಗಳಿಂದ ಹೊಗೆ ಮಳೆಯೊಳಗೆ ಒಸರುತ್ತಿತ್ತು. ಮೊದಲ ಬೇಸಿನ್ನಿನ ಮುಂದೆ ಜರೀನಾ. ಮೆಹಬೂಬ್ ಬೀ ಹೊರಗಿನ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಗೂಡು ಆರಿಸುತ್ತಿದ್ದರು. ಒಳಗೆ ಕೂರಲು ಈಗ ಆಗುವುದಿಲ್ಲವಂತೆ. ಎತ್ತರದ ಆಳು ಮುದುಡಿ ಅರ್ಧವಾಗಿದ್ದರು.

"ಊದೋ ಟೀಚರ್..." ಎಂದು ಉಸಿರು ತೆಗೆದುಕೊಂಡರು. "...ಬಂದ್ಲು ನೋಡೇ ಜರೀನಾ. ಕೊಳವೆ ತಂದ್ಯಾ? ಈಗ ಊದಿದ್ರೆ... ಮುಳ್ಳು ಅಲ್ಲಾಡಲ್ಲ ಕಣೇ."

ನಾನು ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಯಾರನ್ನೂ ಕೇಳದೆ ವಯಸ್ಸು ಬರೆದದ್ದು, ಹೂವು ಬರೆದು ಮಡಿಸಿಟ್ಟದ್ದು, ಇಷ್ಟೇ ಜನವೇ ಎಂದು ಕೇಳಿದಾಗ ಹೌದೆಂದದ್ದು. ಅವರು ಗೂಡು ಆರಿಸುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಮೂವತ್ತೈದು ಅಂತ ಹೇಳಿದ್ದು ನಾನಲ್ವಾ ಬೇಟಿ?" ಎಂದರು. ಮತ್ತೆ ಉಸಿರು. "ಈ ಮೂರು ವರ್ಷ... ನಂದೇ ತಪ್ಪು ಅಂದ್ಕೊಂಡಿದ್ದೆ. ಒಬ್ಬೊಬ್ಳಿಗೆ ಒಂದೊಂದು ಹೇಳಿದ್ರೆ... ಹೊಗೆಕೊಳವೆ ಬರ್ತಿತ್ತು ಅಂತ. ಇವ್ರೆಲ್ಲ ಕೆಮ್ಮುವಾಗ... ನಂಗೆ ಮುಖ ಎತ್ತಕ್ಕಾಗ್ತಿರ್ಲಿಲ್ಲ."

ನಾನು ಒಂದು ವಾಕ್ಯದಲ್ಲಿ ಕೈತೊಳೆದುಕೊಂಡ ತಪ್ಪನ್ನು ಆ ಹೆಂಗಸು ಕುಗ್ಗುತ್ತಿದ್ದ ಉಸಿರಿನಲ್ಲಿ ಮೂರು ವರ್ಷ ಹೊತ್ತಿದ್ದರು. ಇದನ್ನು ಬರೆಯುವಾಗ ನನಗಾಗುತ್ತಿರುವ ನಾಚಿಕೆಗೆ ಯಾವ ಅಳತೆಯೂ ಇಲ್ಲ. ಆದರೆ ನನ್ನ ನಾಚಿಕೆಯಿಂದ ಆ ಸೂರಿನಲ್ಲಿ ಒಂದು ತೂತೂ ಬೀಳುವುದಿಲ್ಲ. ಅದಕ್ಕಾಗಿ ಈ ಮುಂದಿನ ಮಾತನ್ನು ನೆನಪಿನ ಭಾಗವಾಗಿ ಅಲ್ಲ, ಅರ್ಜಿಯಾಗಿ ಬರೆಯುತ್ತಿದ್ದೇನೆ.

ಅಂದಿನ ಯೋಜನಾ ಸಮಿತಿಯ ಅಧ್ಯಕ್ಷರಲ್ಲಿ, ಸದಸ್ಯರಲ್ಲಿ ಮತ್ತು ಯೋಜನೆಯ ಮುಖ್ಯಸ್ಥರಲ್ಲಿ ವಿನಂತಿ. ತಮ್ಮ ಮುಂದಿಟ್ಟ ನಕ್ಷೆ ದಾರಿ ತಪ್ಪಿಸುವಂಥದ್ದಾಗಿತ್ತು ಎಂದು ಅದನ್ನು ರಚಿಸಿದ ನಾನು ಈ ಮೂಲಕ ಒಪ್ಪಿಕೊಳ್ಳುತ್ತಿದ್ದೇನೆ. ನನ್ನ ಮೇಲೆ ತಾವು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧಳಾಗಿದ್ದೇನೆ. ಮೂಲ ನಮೂನೆಗಳು ತಮ್ಮ ಕಚೇರಿಯಲ್ಲಿವೆ. ಅವುಗಳನ್ನು ಹೊರತೆಗೆದು, ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಕಾಣುವಂತೆ ನಕ್ಷೆಯನ್ನು ಮತ್ತೆ ಬರೆಸಬೇಕು. ಸಂದೇಹವಿದ್ದರೆ ಷೆಡ್ಡಿನ ಹೊರಗೆ, ಹಗಲಿನ ಬೆಳಕಿನಲ್ಲಿ, ಪ್ರತಿಯೊಬ್ಬ ಹೆಂಗಸನ್ನೂ ಕೇಳಿ ಹೊಸದಾಗಿ ಅಳತೆ ಮಾಡಿಸಬೇಕು. ಆ ಕೆಲಸಕ್ಕೆ ಸಂಬಳವಿಲ್ಲದೆ ಬರಲು ನಾನು ಸಿದ್ಧ. ಅಂದಿನ ತೀರ್ಮಾನವನ್ನು ಹಿಂತೆಗೆದುಕೊಂಡು ಮುಂದಿನ ಮುಂಗಾರಿಗೆ ಮೊದಲು ಆ ಮೊಹಲ್ಲಾದ ಷೆಡ್ಡುಗಳಿಗೆ ಹೊಗೆಕೊಳವೆ ಹಾಕಿಸಬೇಕು. ಸಾಧ್ಯವಿಲ್ಲವೆಂದಾದರೆ ಯಾಕೆ ಸಾಧ್ಯವಿಲ್ಲವೆಂಬುದನ್ನು ಲಿಖಿತವಾಗಿ ತಿಳಿಸಬೇಕು.

ಆ ಉತ್ತರವನ್ನು ದಯವಿಟ್ಟು ನನಗೆ ಕಳುಹಿಸಬೇಡಿ. ಮೊಹಲ್ಲಾಕ್ಕೆಂದು ಒಂದೇ ಪ್ರತಿಯನ್ನೂ ಕಳುಹಿಸಬೇಡಿ. ಹೆಸರುಗಳು ನಮೂನೆಗಳಲ್ಲಿವೆ. ಹತ್ತೊಂಬತ್ತು ಮಂದಿಗೆ ಹತ್ತೊಂಬತ್ತು ಲಕೋಟೆಗಳಲ್ಲಿ, ಒಬ್ಬೊಬ್ಬರ ಹೆಸರು ಬರೆದು, ಒಬ್ಬೊಬ್ಬರ ಕೈಗೆ ಕೊಡಿಸಬೇಕಾಗಿ ಕೋರುತ್ತೇನೆ.